ವಿಯೆನ್ನಾದಲ್ಲಿ ಒಂದು ಭಾನುವಾರ: ಸಂಗೀತ ಎಲ್ಲಿ ಕೇಳಬೇಕು?

ನಮಸ್ಕಾರ. ಅಮ್ಮನ ಜೊತೆ ವಿಯೆನ್ನಾದಲ್ಲಿ ಇರುವುದು ಒಂದೇ ಭಾನುವಾರ, ಅವರಿಗೆ ಮಂಡಿನೋವು, ಸಂಗೀತಗಾರ ಮೊಜಾರ್ಟ್ ವೇಷದವರು ಬೀದಿಯಲ್ಲಿ ಮಾರುವ ಕಚೇರಿ ಟಿಕೆಟ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ನನ್ನ ಮಾತು ಕೇಳಿ, ಕೊಳ್ಳಬೇಡಿ. ಅದಕ್ಕಿಂತ ಎಷ್ಟೋ ಒಳ್ಳೆಯದು ಅಲ್ಲೇ ಹತ್ತಿರದಲ್ಲಿದೆ.

ಬೆಳಿಗ್ಗೆ 11ಕ್ಕೆ ಆಗಸ್ಟಿನರ್ ಚರ್ಚಿನ ಪ್ರಾರ್ಥನೆಗೆ ಹೋಗಿ. ಹೈಡನ್, ಮೊಜಾರ್ಟ್, ಶೂಬರ್ಟ್ ಬರೆದ ಮಾಸ್‌ಗಳನ್ನು (ಚರ್ಚಿನ ಪೂಜೆಗೆಂದು ರಚಿಸಿದ ಸಂಗೀತ) ಪೂರ್ಣ ವಾದ್ಯವೃಂದ, ಗಾಯಕವೃಂದದೊಂದಿಗೆ ಹಾಡುತ್ತಾರೆ. ಸಂಗೀತ ರಚನೆಕಾರ ಬ್ರುಕ್ನರನ ಎಫ್ ಮೈನರ್ ಮಾಸ್ ಮೊದಲ ಬಾರಿ ಕೇಳಿಸಿದ್ದು ಇಲ್ಲೇ, 1872ರಲ್ಲಿ. ಟಿಕೆಟ್ ಇಲ್ಲ, ಕಾಣಿಕೆ ಹಾಕಿದರಾಯಿತು. ಅರ್ಧ ಗಂಟೆ ಮೊದಲೇ ಹೋದರೆ ಅಮ್ಮನಿಗೆ ಜಾಗ ಸಿಗುತ್ತದೆ. ಸಂಗೀತ ಹಿಂದಿನ ಮಹಡಿಯಿಂದ ಬರುತ್ತದೆ, ಹಾಡುವವರು ಕಾಣುವುದಿಲ್ಲ. ಕಣ್ಣು ಮುಚ್ಚಿ ಕೂತರೆ ದೇವಸ್ಥಾನದಲ್ಲಿ ಕೂತ ಹಾಗೇ ಇರುತ್ತದೆ. ನಡುವೆ ಚಪ್ಪಾಳೆ ಬೇಡ, ಅದು ಪೂಜೆ. ಬೇಸಿಗೆಯಲ್ಲಾದರೆ ಆ ವಾರ ಏನಿದೆ ಎಂದು ಮೊದಲೇ ನೋಡಿಕೊಳ್ಳಿ.

ಆಮೇಲೆ ನಿಧಾನವಾಗಿ ಸ್ಟೀಫನ್ ಕೆಥೆಡ್ರಲ್ ಎಂಬ ದೊಡ್ಡ ಚರ್ಚಿಗೆ ಹೋಗಿ. ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಅದು ಬೇಡ. ಉತ್ತರ ಗೋಪುರಕ್ಕೆ ಲಿಫ್ಟ್ ಇದೆ. ಮೊಜಾರ್ಟ್ ಮದುವೆಯಾದದ್ದು ಇಲ್ಲಿ, 1782ರಲ್ಲಿ. ಚರ್ಚಿನ ಹಿಂಬದಿಯ ಡೋಮ್‌ಗಾಸೆ ಬೀದಿಯಲ್ಲಿ ಅವನು 'ಫಿಗರೋ' ಎಂಬ ಒಪೆರಾ (ಹಾಡಿನಲ್ಲೇ ಸಾಗುವ ನಾಟಕ) ರಚಿಸಿದ ಮನೆಯಿದೆ.

ಸಂಜೆ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಅಗ್ಗ, ಆದರೆ ಮೂರು ಗಂಟೆ ನಿಲ್ಲುವುದು ಅಮ್ಮನಿಗೆ ಆಗದು. ಕೂರುವ ಟಿಕೆಟ್ಟನ್ನೇ ಮುಂಚಿತವಾಗಿ ತೆಗೆದುಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಪ್ರದರ್ಶನ ಇರುವುದಿಲ್ಲ. ನೀವು ಹೋಗುವ ತಿಂಗಳು ಯಾವುದೆಂದು ತಿಳಿಸಿ.