ಅಮ್ಮ ತೀರಿಕೊಂಡ ಮೇಲೆ ಭಗವದ್ಗೀತೆ ಓದೋಕೂ ಆಗ್ತಿಲ್ಲ. ಮನಸ್ಸು ಗಟ್ಟಿಯಾಗೋಕೆ ಏನು ಓದಲಿ?

ಅಮ್ಮ ಹೋಗಿ ಏಳೆಂಟು ತಿಂಗಳಾಯ್ತು, ಯಾರೋ ಕೊಟ್ಟ ಗೀತೆ ಎರಡು ಪುಟ ದಾಟುತ್ತಿಲ್ಲ, ಒಂದು ದಿನ ಮೊದಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು ಅನ್ನೋದು ತಲೆಯಿಂದ ಹೋಗುತ್ತಿಲ್ಲ ಅಂತ ಬರೆದಿದ್ದೀರಿ.

ಸದ್ಯಕ್ಕೆ ಗೀತೆ ಮುಚ್ಚಿಡಿ. ಪಾಪವೇನೂ ಬರೋದಿಲ್ಲ. ಗೀತೆ ಕೇಳಿಸಿಕೊಂಡವನಿಗೆ ಮುಂದೆ ಏನಾಯ್ತು ಅನ್ನೋದನ್ನು ಓದಿ. ಯುದ್ಧ ಶುರುವಾಗೋ ಮೊದಲು ಕೃಷ್ಣ ಅರ್ಜುನನಿಗೆ ಆತ್ಮಕ್ಕೆ ಸಾವಿಲ್ಲ ಅಂತ ಬಿಡಿಸಿ ಬಿಡಿಸಿ ಹೇಳುತ್ತಾನೆ. 13ನೇ ದಿನ ಅಭಿಮನ್ಯು ಸಾಯುತ್ತಾನೆ. ಆಗ ಅರ್ಜುನ ಗೀತೆ ನೆನಪು ಮಾಡಿಕೊಂಡು ಸುಮ್ಮನೆ ಕೂತನಾ? ಗೋಳೋ ಅಂತ ಅತ್ತ. ಕೃಷ್ಣನ ಬಾಯಿಂದಲೇ ಕೇಳಿದವನ ಪಾಡು ಇದು. ಇನ್ನು ನೀವು ಎರಡನೇ ಪುಟಕ್ಕೆ ನಿಂತಿದ್ದೀರಿ ಅಂತ ಬೇಜಾರು ಮಾಡಿಕೊಳ್ಳೋದು ಯಾಕೆ?

ತೀರ್ಥಹಳ್ಳಿ ಕಡೆ ನಮ್ಮ ಮನೆ. ನನ್ನ ತಮ್ಮ ತೀರಿಕೊಂಡ ವರ್ಷ ಮಾತಾಡಿಸೋಕೆ ಬಂದವರೆಲ್ಲ ಒಂದೊಂದು ಉಪದೇಶ ಮಾಡಿ ಹೋದರು. ನಮ್ಮತ್ತೆ ಮಾತ್ರ ಏನೂ ಹೇಳಲಿಲ್ಲ. ಅಡಿಕೆ ಸುಲಿಯೋ ಕಾಲ. ಊಟ ಆದಮೇಲೆ ನಾವೆಲ್ಲ ಜಗಲಿಯಲ್ಲಿ ಮೆಟ್ಟುಕತ್ತಿ ಇಟ್ಟುಕೊಂಡು ಕೂತರೆ, ಅತ್ತೆ ಗೋಡೆಗೆ ಒರಗಿ ಕುಮಾರವ್ಯಾಸನ ಗದುಗಿನ ಭಾರತ ಓದೋರು. ಅದಕ್ಕೆ ಹಳೇ ಸೀರೆ ತುಂಡಿನ ರಟ್ಟು. ಮಳೆಗಾಲದ ಬೂಷ್ಟು ವಾಸನೆ ಇನ್ನೂ ಹೋಗಿರಲಿಲ್ಲ. ಸುಲಿಯೋ ಕೈಯಲ್ಲೇ ತಿರುವಿ ತಿರುವಿ ಪುಟದ ಅಂಚಿಗೆಲ್ಲ ಅಡಿಕೆಯ ಕಪ್ಪು ಕಲೆ. ಅವರ ರಾಗ ಹೇಳಿಕೊಳ್ಳೋ ಹಾಗೇನಿರಲಿಲ್ಲ, ಆದರೆ ಒಂದು ಪದ್ಯವನ್ನೂ ಅವಸರ ಮಾಡುತ್ತಿರಲಿಲ್ಲ.

ದ್ರೋಣಪರ್ವ ಬಂತು. ಹುಡುಗನನ್ನು ಪದ್ಮವ್ಯೂಹಕ್ಕೆ ಕಳಿಸಿದವನು ಧರ್ಮರಾಯ. ಅವನ ಕೊರಗು ಅರ್ಜುನನ ಅಳುವಿಗಿಂತ ನನಗೆ ಜಾಸ್ತಿ ಹತ್ತಿರವಾಯ್ತು. ನಾನೇ ಕಳಿಸಿದೆನಲ್ಲ, ಈಗ ಅವನಪ್ಪನಿಗೆ ಹೇಗೆ ಮುಖ ತೋರಿಸಲಿ ಅನ್ನೋ ಸಂಕಟ ಅದು. ನಿಮ್ಮ ಆಸ್ಪತ್ರೆಯ ಮಾತು ಓದಿದಾಗ ನನಗೆ ನೆನಪಾಗಿದ್ದೂ ಅವನೇ. ಧರ್ಮರಾಯನಿಗೇ ಬಿಡದ ಕೊರಗು ಇದು. ಅತ್ತೆ ಅರ್ಥ ಹೇಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಂದು ಗುಟುಕು ನೀರು ಕುಡಿದು ಮುಂದಿನ ಪದ್ಯಕ್ಕೆ ಹೋದರು. ಅವತ್ತು ನಾನು ಎಲ್ಲರ ಎದುರಿಗೇ ಅತ್ತುಬಿಟ್ಟೆ. ಅಳಬೇಡ ಅಂತ ಯಾರೂ ಅನ್ನಲಿಲ್ಲ. ಭಾರತದಲ್ಲಿ ಅಷ್ಟು ದೊಡ್ಡವರೇ ಅಳುತ್ತಿದ್ದಾರಲ್ಲ!

ಹಾಗಾಗಿ ನನ್ನ ಸಲಹೆ, ಉಪದೇಶದ ಪುಸ್ತಕ ಬಿಟ್ಟು ದುಃಖಪಟ್ಟವರ ಪುಸ್ತಕ ಹಿಡಿಯಿರಿ. ಮತ್ತೆ ಬಾಯಿಬಿಟ್ಟು ಓದಿ. ಮನಸ್ಸಲ್ಲೇ ಓದಿದರೆ ಕಣ್ಣು ಸಾಲಿನ ಮೇಲೆ, ಯೋಚನೆ ಇನ್ನೆಲ್ಲೋ. ಕುಮಾರವ್ಯಾಸನದು ಭಾಮಿನಿ ಷಟ್ಪದಿ, ಪದ್ಯಕ್ಕೆ ಆರು ಸಾಲು. ಗಟ್ಟಿಯಾಗಿ ಹೇಳೋಕೆ ಹೊರಟರೆ ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ಬಿಡಬೇಕು ಅಂತ ನೋಡಿಕೊಳ್ಳಲೇಬೇಕು. ಅಷ್ಟು ಹೊತ್ತು ಬೇರೆ ಯೋಚನೆಗೆ ಜಾಗ ಸಿಗೋದು ಕಮ್ಮಿ. ದಿನಕ್ಕೆ ನಾಲ್ಕೈದು ಪದ್ಯ ಸಾಕು. ಗದ್ಯಾನುವಾದ ಇರೋ ಪ್ರತಿ ತಗೊಳ್ಳಿ. ಅರ್ಧ ಅರ್ಥವಾಗದಿದ್ದರೂ ನಿಲ್ಲಿಸಬೇಡಿ.

ಓದೋಕೆ ತ್ರಾಣವೇ ಇಲ್ಲ ಅಂದರೆ ಕೇಳಿ. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿ ಮತ್ತೂರು, ಹೊಸಹಳ್ಳಿ ಅಂತ ಜೋಡಿ ಊರುಗಳಿವೆ. ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ. ಒಬ್ಬರು ರಾಗವಾಗಿ ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ಆ ಊರಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಯೂಟ್ಯೂಬಿನಲ್ಲಿ ಗಮಕ ಅಂತ ಹುಡುಕಿ, ಅಡುಗೆ ಮಾಡುತ್ತಾ ಕೇಳಿದರೂ ನಡೆಯುತ್ತೆ.

ಭಾರತ ದೊಡ್ಡದಾಯ್ತು ಅನ್ನಿಸಿದರೆ ನಮ್ಮ ಜಿಲ್ಲೆಯವಳೇ ಅಕ್ಕಮಹಾದೇವಿ ಇದ್ದಾಳೆ, ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. ಅವಳದು ಅಂತ ಜನ ಫಾರ್ವರ್ಡ್ ಮಾಡೋದು ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಹೆದರಿದರೆ ಹೇಗೆ ಅನ್ನೋ ವಚನ. ಒಳ್ಳೇ ವಚನವೇ, ಆದರೆ ದುಃಖದಲ್ಲಿದ್ದವರಿಗೆ ಅದನ್ನು ಕಳಿಸೋದು ನನಗೆ ಸರಿ ಕಾಣೋದಿಲ್ಲ. ಗಿಳಿ, ಕೋಗಿಲೆ, ತುಂಬಿ, ನವಿಲುಗಳನ್ನೆಲ್ಲ ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಅಂತ ಕೇಳೋ ವಚನ ಇದೆಯಲ್ಲ, ಅದನ್ನು ಓದಿ. ಕಳೆದುಕೊಂಡವರು ಹಾಗೇ ಅಲ್ವಾ ಹುಡುಕೋದು?

ಡಿವಿಜಿಯವರ ಕಗ್ಗ ಮುಂದಿನ ವರ್ಷಕ್ಕಿರಲಿ. 945 ಪದ್ಯ, ಎಲ್ಲಿ ತೆರೆದರೂ ಓದಬಹುದು. ಆದರೆ ಹಸಿ ಗಾಯಕ್ಕೆ ಅದು ಸ್ವಲ್ಪ ಖಾರ. ಗರುಡ ಪುರಾಣವನ್ನಂತೂ ರಾತ್ರಿ ಒಬ್ಬರೇ ಕೂತು ಓದಬೇಡಿ. ಯಮಲೋಕದ ಶಿಕ್ಷೆಗಳ ವರ್ಣನೆ ಓದಿ ಅಮ್ಮನ ಬಗ್ಗೆ ಇಲ್ಲದ ಭಯ ಶುರುವಾಗುತ್ತೆ.

ಈ ದುಃಖದಿಂದ ಉತ್ತಮ ವ್ಯಕ್ತಿಯಾಗಿ ಬೆಳೆಯಬೇಕು ಅಂತಲೂ ಬರೆದಿದ್ದೀರಿ. ಆ ಲೆಕ್ಕ ಈಗಲೇ ಯಾಕೆ? ಈಗ ಊಟ, ನಿದ್ದೆ ನೋಡಿಕೊಳ್ಳಿ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕೋದೇ ಬೇಡ ಅನ್ನಿಸಿದರೆ ಪುಸ್ತಕ ನಂಬಿ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಇನ್ನೊಂದು, ಭಾರತವನ್ನು ಆದಿಪರ್ವದಿಂದಲೇ ಹಿಡಿಯಬೇಕು ಅಂತೇನಿಲ್ಲ. ನೇರ ದ್ರೋಣಪರ್ವಕ್ಕೆ ಹೋಗಿ. ಮನೆಯಲ್ಲಿ ಅಪ್ಪ ಇದ್ದರೆ ಅವರಿಗೂ ಕೇಳಿಸೋ ಹಾಗೆ ಓದಿ.