ಡಿಲೀಟ್ ಒತ್ತಿದರೆ ಕಾರ್ಡೂ ತೆರೆದುಕೊಳ್ಳುವುದೇಕೆ?

ಆನ್‌ಕ್ಲಿಕ್ (ಕ್ಲಿಕ್ ಆದಾಗ ಓಡುವ ಕೋಡ್) ಇರುವ ಡಿವ್ (ಪುಟದಲ್ಲಿನ ಒಂದು ಚೌಕಟ್ಟು) ಒಂದು ಕಾರ್ಡ್, ಅದರೊಳಗೆ ಡಿಲೀಟ್ ಬಟನ್. ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನಲ್ಲಿ ಬಟನ್ ಒತ್ತಿದರೆ ಕಾರ್ಡಿನ ವಿವರವೂ ತೆರೆಯುತ್ತದೆ, ಪ್ರಿವೆಂಟ್‌ಡೀಫಾಲ್ಟ್ ಹಾಕಿದರೂ ನಿಲ್ಲುತ್ತಿಲ್ಲ ಅಂದಿದ್ದೀರಿ.

ಅದು ನಿಲ್ಲುವುದೂ ಇಲ್ಲ. ಪ್ರಿವೆಂಟ್‌ಡೀಫಾಲ್ಟ್ ತಡೆಯುವುದು ಬ್ರೌಸರ್ ತಾನಾಗಿ ಮಾಡುವ ಕೆಲಸವನ್ನು ಮಾತ್ರ: ಲಿಂಕ್ ತೆರೆಯುವುದು, ಫಾರ್ಮ್ ಸಲ್ಲಿಸುವುದು, ಇಂಥವು. ನಿಮ್ಮಲ್ಲಿ ಆಗುತ್ತಿರುವುದು ಬೇರೆ. ಕ್ಲಿಕ್ ಈವೆಂಟ್ ಬಟನ್‌ನಿಂದ ಮೇಲಕ್ಕೆ ಒಂದೊಂದೇ ಎಲಿಮೆಂಟ್ ದಾಟಿ ಹೋಗುವಾಗ ಕಾರ್ಡಿನ ಹ್ಯಾಂಡ್ಲರ್ (ಅದರ ಆನ್‌ಕ್ಲಿಕ್ ಕೋಡ್) ಕೂಡ ಓಡುತ್ತದೆ. ಬಟನ್‌ನ ಹ್ಯಾಂಡ್ಲರ್‌ನಲ್ಲಿ ಈ ಮೇಲೇರಿಕೆಯನ್ನು ತಡೆಯುವ ಸ್ಟಾಪ್‌ಪ್ರೊಪಗೇಶನ್ ಕರೆಯಿರಿ, ಸಾಕು.

ಆದರೆ ಒಂದು ಎಚ್ಚರಿಕೆ. 2020ರಲ್ಲಿ ಬಂದ ರಿಯಾಕ್ಟ್ 17ರಿಂದ ಈವೆಂಟ್‌ಗಳನ್ನು ಆಲಿಸುವುದು ಇಡೀ ಪುಟವಾದ ಡಾಕ್ಯುಮೆಂಟ್‌ನಲ್ಲಲ್ಲ, ಅದರೊಳಗೆ ನಿಮ್ಮ ಆ್ಯಪ್ ಕೂರುವ ರೂಟ್ ಎಲಿಮೆಂಟ್‌ನಲ್ಲಿ. ಹಾಗಾಗಿ ಹೀಗೆ ತಡೆದ ಕ್ಲಿಕ್ ಡಾಕ್ಯುಮೆಂಟ್‌ವರೆಗೆ ಹೋಗುವುದೇ ಇಲ್ಲ. 'ಹೊರಗೆ ಕ್ಲಿಕ್ ಮಾಡಿದರೆ ಮುಚ್ಚು' ಎಂದು ಡಾಕ್ಯುಮೆಂಟ್‌ಗೆ ಲಿಸನರ್ ಹಾಕಿರುವ ಮೆನು ಪುಟದಲ್ಲಿದ್ದರೆ, ಅದು ಈಗ ಮುಚ್ಚದೆ ಉಳಿಯುತ್ತದೆ! ಆ ಆಡ್‌ಈವೆಂಟ್‌ಲಿಸನರ್‌ಗೆ ಕ್ಯಾಪ್ಚರ್ ಟ್ರೂ ಕೊಟ್ಟರೆ, ಕ್ಲಿಕ್ ಮೇಲಿನಿಂದ ಬಟನ್‌ಗೆ ಇಳಿಯುವಾಗಲೇ ಲಿಸನರ್ ಓಡಿ ಸರಿಹೋಗುತ್ತದೆ.

ನಾನಾದರೆ ಇಡೀ ಕಾರ್ಡಿಗೆ ಕ್ಲಿಕ್ ಕೊಡುವುದನ್ನೇ ಬಿಟ್ಟು, ಶೀರ್ಷಿಕೆಯನ್ನು ಲಿಂಕ್ ಮಾಡಿ, ಡಿಲೀಟ್ ಬಟನ್ನನ್ನು ಅದರ ಪಕ್ಕಕ್ಕಿಡುತ್ತೇನೆ. ಬರೀ ಡಿವ್‌ಗೆ ಟ್ಯಾಬ್ ಒತ್ತಿ ಹೋಗಲಾಗುವುದಿಲ್ಲ. ಕೀಬೋರ್ಡ್ ಮಾತ್ರ ಬಳಸುವವರಿಗೆ ನಿಮ್ಮ ಕಾರ್ಡ್ ಈಗ ತೆರೆಯುವುದೇ ಇಲ್ಲ.