ಗಲ್ಫಿಗೆ ಹಣ್ಣು ಕಳಿಸುವವರಿಗೆ: ಹುಳದ ಪತ್ರ ಬೇರೆ, ಮದ್ದಿನ ವರದಿ ಬೇರೆ

ಕಾರ್ಕಳದ ಅಕ್ಕ, ನಿಮ್ಮ ಪ್ರಶ್ನೆಯನ್ನೂ ಕೆಳಗೆ ಬಂದ ಉತ್ತರಗಳನ್ನೂ ಪೂರ್ತಿ ಓದಿದೆ. ಬಜಪೆಯಿಂದ ವಿಮಾನದಲ್ಲಿ ಹೋದ ನಿಮ್ಮ ರಂಬೂಟಾನ್ ಹಣ್ಣನ್ನು ದುಬೈಯಲ್ಲಿ ತಡೆದಿದ್ದಾರೆ, ಕೀಟನಾಶಕದ ಅಂಶ ಸಿಕ್ಕಿದೆ ಅಂದಿದ್ದಾರೆ. ಏಜೆಂಟರ ಹತ್ತಿರ ಫೈಟೋ ಸರ್ಟಿಫಿಕೇಟ್ ಇತ್ತು, ಆದರೂ ಹೀಗೆ ಹೇಗಾಯಿತು ಅಂತ ನೀವು ಕೇಳಿದ್ದೀರಿ. ಮುಂದಿನ ಸಲ ಉಪ್ಪುನೀರಲ್ಲಿ ತೊಳೆದು ಕಳಿಸಿ ಅಂತ ಇಬ್ಬರು ಬರೆದಿದ್ದಾರೆ. ದಯವಿಟ್ಟು ಅದನ್ನು ನಂಬಿ ಕೂರಬೇಡಿ.

ಮೊದಲು ಆ ಸರ್ಟಿಫಿಕೇಟ್ ವಿಷಯ. ಪ್ಲಾಂಟ್ ಕ್ವಾರಂಟೈನ್‌ನವರು (ಬೆಳೆಯ ಹುಳ, ರೋಗ ದೇಶ ದಾಟದಂತೆ ನೋಡುವ ಸರಕಾರಿ ಕಚೇರಿ) ಕೊಡುವ ಫೈಟೋ ಪತ್ರ ಹೇಳುವುದು ಹಣ್ಣಿನಲ್ಲಿ ಹುಳ, ರೋಗ ಇಲ್ಲ ಅಂತ ಮಾತ್ರ. ಗಿಡಕ್ಕೆ ಹೊಡೆದ ಕೀಟನಾಶಕದಂಥ ಮದ್ದು ಹಣ್ಣಿನಲ್ಲಿ ಎಷ್ಟು ಉಳಿದಿದೆ ಅಂತ ಅದು ಹೇಳುವುದೇ ಇಲ್ಲ. ಅದಕ್ಕೆ ಲ್ಯಾಬಿನ ವರದಿ ಬೇರೆಯೇ ಬೇಕು. ಈ ಎರಡನ್ನು ನಮ್ಮಲ್ಲಿ ಎಲ್ಲರೂ ಒಂದೇ ಮಾಡಿ ಮಾತಾಡುತ್ತಾರೆ. 2014ರ ಮೇ 1ರಿಂದ ಯುರೋಪಿನವರು ನಮ್ಮ ಮಾವು ನಿಲ್ಲಿಸಿದರಲ್ಲ, ಅದು ಮದ್ದಿನ ಕಾರಣಕ್ಕೆ ಅಂತ ಇಲ್ಲಿ ಒಬ್ಬರು ಬರೆದಿದ್ದಾರೆ. ಅಲ್ಲ. ಅದು ಹಣ್ಣುನೊಣಕ್ಕೆ. ಬದನೆ, ಹಾಗಲ, ಪಡುವಲ, ಕೆಸುವಿನ ಎಲೆ ಕೂಡ ಆಗ ನಿಂತಿತ್ತು. ಆಮೇಲೆ 48 ಡಿಗ್ರಿ ಬಿಸಿನೀರಲ್ಲಿ 60 ನಿಮಿಷ ಮುಳುಗಿಸುವ ವ್ಯವಸ್ಥೆ ಎಲ್ಲ ಬಂದು, 2015ರಲ್ಲಿ ಮಾವಿಗೆ ಮತ್ತೆ ದಾರಿ ಆಯಿತು.

ಮದ್ದಿನ ಕಾರಣಕ್ಕೆ ನಿಂತದ್ದು ಬೇರೆ ಇವೆ. 2010ರಲ್ಲಿ ನಮ್ಮ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಸಿಕ್ಕಿ ಯುರೋಪಿನಲ್ಲಿ ದೊಡ್ಡ ನಷ್ಟ ಆಯಿತು. ಅದು ಕೀಟನಾಶಕ ಕೂಡ ಅಲ್ಲ, ಬಳ್ಳಿಯ ಬೆಳವಣಿಗೆ ಹಿಡಿತದಲ್ಲಿಡಲು ಹೊಡೆಯುವ ಔಷಧಿ. 2014ರಲ್ಲೇ ಸೌದಿಯವರು ನಮ್ಮ ಹಸಿಮೆಣಸು ನಿಲ್ಲಿಸಿದರು. 2017ರ ಮೇ 15ರಿಂದ ಯುಎಇಯವರು ಈಜಿಪ್ಟಿನ ಮೆಣಸು, ಲೆಬನಾನಿನ ಸೇಬು, ಯೆಮೆನ್‌ನ ಎಲ್ಲ ಹಣ್ಣುಗಳನ್ನು ತಡೆದರು. ಅಂದರೆ ಇದು ಭಾರತದ ಮೇಲಿನ ಹಗೆ ಏನೂ ಅಲ್ಲ. ಪಕ್ಕದ ಒಮಾನಿನ ಕಲ್ಲಂಗಡಿ ಜಾತಿಯ ಹಣ್ಣನ್ನೂ ಅವರು ಆಗ ಬಿಡಲಿಲ್ಲ.

ಇಲ್ಲಿ ಒಂದು ಸಿಕ್ಕು ಇದೆ, ಅದೇ ನಮ್ಮ ಬೆಳೆಗಾರರನ್ನು ಹಿಡಿದು ಹಾಕುವುದು. ಹುಳ ಇದ್ದರೆ ಒಂದು ಕಡೆ ತಡೆಯುತ್ತಾರೆ ಅಂತ ಹೆದರಿ ಕೊಯ್ಲಿಗೆ ಹತ್ತು ದಿನ ಇರುವಾಗ ಒಂದು ಸ್ಪ್ರೇ ಹೊಡೆಯುತ್ತೇವೆ. ಆಗ ಇನ್ನೊಂದು ಕಡೆ ಸಿಕ್ಕಿಬೀಳುತ್ತೇವೆ. ಯುರೋಪಿನಲ್ಲಿ ಪ್ರತ್ಯೇಕ ಮಿತಿ ಹಾಕದ ಮದ್ದಿಗೆಲ್ಲ ಕಿಲೋಗೆ 0.01 ಮಿಲಿಗ್ರಾಂ ಅಂತ ಲೆಕ್ಕ. ಎಷ್ಟು ಕಮ್ಮಿ ಅಂದರೆ, ಸಾವಿರ ಟನ್ ಹಣ್ಣಿಗೆ 10 ಗ್ರಾಂ. ನಮ್ಮಲ್ಲಿ ಗೆದ್ದಲಿಗೆ, ಇರುವೆಗೆ ಅಂತ ಬುಡಕ್ಕೆ ಸುರಿಯುವ ಕ್ಲೋರ್‌ಪೈರಿಫಾಸ್‌ಗೂ ಅಲ್ಲಿ 2020ರ ನವೆಂಬರ್‌ನಿಂದ ಇದೇ ಮಿತಿ. ಬುಡಕ್ಕೆ ಹಾಕಿ ಮಿಕ್ಕಿದ್ದನ್ನು ಸುಮ್ನೆ ಗೊಂಚಲಿಗೂ ಒಮ್ಮೆ ಹೊಡೆದರೆ ಮುಗಿಯಿತು.

ತೊಳೆಯುವ ಮಾತಿಗೆ ಬರುತ್ತೇನೆ. ಹೊರಗೆ ಕೂತ ಧೂಳು, ಸ್ವಲ್ಪ ಮದ್ದು ನೀರಲ್ಲಿ ಹೋಗುತ್ತದೆ, ಸರಿ. ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ಒಳಗೇ ಸೇರಿಕೊಳ್ಳುವ ಮದ್ದು, ಅದನ್ನು ಉಪ್ಪುನೀರು ಏನು ಮಾಡೀತು? ಸಿಪ್ಪೆ ತಿನ್ನುವುದಿಲ್ಲವಲ್ಲ ಅಂತಲೂ ಒಬ್ಬರು ಕೇಳಿದ್ದಾರೆ. ಲ್ಯಾಬಿನಲ್ಲಿ ಇಂಥ ಹಣ್ಣನ್ನು ಸಿಪ್ಪೆ ಸಮೇತ ಅರೆದೇ ಪರೀಕ್ಷೆ ಮಾಡುವುದು. ರಂಬೂಟಾನ್ ಸಿಪ್ಪೆ ತುಂಬ ಕೂದಲು, ಅದರ ಸಂದಿಯಲ್ಲಿ ಹಿಟ್ಟು ತಿಗಣೆ (ರಸ ಹೀರುವ, ಬಿಳಿ ಹಿಟ್ಟಿನಂತೆ ಕಾಣುವ ಕೀಟ) ಕೂರುವ ಹಾಗೆ ಮದ್ದೂ ಕೂರುತ್ತದೆ.

ನಮ್ಮ ಊರಿನದ್ದೇ ಒಂದು ತೊಂದರೆ ಹೇಳಬೇಕು. ನಿಮ್ಮ ರಂಬೂಟಾನ್ ಅಡಿಕೆ ತೋಟದ ನಡುವೆ ಇದೆ ಅಂತ ಬರೆದಿದ್ದೀರಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಮೊದಲ ಸಲ ಮಳೆ ಹಿಡಿಯುವಾಗ ಬಿಡುತ್ತೇವೆ, ಎರಡನೆಯದು 40-45 ದಿನ ಬಿಟ್ಟು. ಅಂದರೆ ಹೆಚ್ಚುಕಮ್ಮಿ ಜುಲೈ ನಡುವಿಗೆ. ರಂಬೂಟಾನ್ ಕೆಂಪಾಗುವುದೂ ಅದೇ ಹೊತ್ತಿಗೆ ಅಲ್ವಾ? ಅಡಿಕೆ ತಲೆಗೆ ಹೊಡೆದದ್ದು ಗಾಳಿಗೆ ಕೆಳಗಿನ ಗೊಂಚಲಿಗೆ ಇಳಿಯುತ್ತದೆ. ಒಂದು ಹಣ್ಣು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ, ಕೂದಲಿನ ಬುಡದಲ್ಲಿ ತಿಳಿ ನೀಲಿ ಬಿಳಿ ಕಲೆ ಒಣಗಿ ಕೂತಿರುತ್ತದೆ. ತಾಮ್ರಕ್ಕೂ ಮಿತಿ ಇದೆ ಮಾರಾಯ್ರೆ, ಬೋರ್ಡೋ ಸಾವಯವದವರೂ ಬಳಸುತ್ತಾರೆ ಅಂತ ಬಿಟ್ಟುಬಿಡುವ ಹಾಗಿಲ್ಲ. ಮದ್ದು ಬಿಡುವವರು ಬರುವ ಮೊದಲು ಬಲಿತ ಗೊಂಚಲು ಕೊಯ್ದುಬಿಡಿ, ಇಲ್ಲದಿದ್ದರೆ ಆ ಸಾಲಿನ ಹಣ್ಣನ್ನು ರಫ್ತಿಗೆ ಸೇರಿಸಲೇಬೇಡಿ.

ಹಿಟ್ಟು ತಿಗಣೆಗೆ ಮದ್ದಿನ ಬಾಟಲಿ ತೆಗೆಯುವ ಮೊದಲು ಇರುವೆ ನಿಲ್ಲಿಸಿ. ಇರುವೆ ಓಡಾಡುವ ತನಕ ತಿಗಣೆ ಹೋಗುವುದಿಲ್ಲ. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ, ನೆಲಕ್ಕೆ ತಾಗುವ ಗೆಲ್ಲು ಕಡಿಯಿರಿ. ಕಾಯಿ ಸಣ್ಣದಿರುವಾಗಲೇ ಪೈಪಿನಲ್ಲಿ ಜೋರು ನೀರು, ಬೇಕಾದರೆ ಸಾಬೂನು ನೀರು. ಕ್ರಿಪ್ಟೋಲೇಮಸ್ ಅನ್ನುವ ಗುಲಗಂಜಿ ಹುಳ ಸಿಕ್ಕಿದರೆ ತಂದು ಬಿಡಿ, ಅದರ ಮರಿ ನೋಡಲು ಹಿಟ್ಟು ತಿಗಣೆಯ ಹಾಗೇ ಬೆಳ್ಳಗೆ ಇರುತ್ತದೆ, ತಿಳಿಯದೆ ಹೊಸಕಬೇಡಿ. ಮಾವು ಇದ್ದವರು ಹಣ್ಣುನೊಣಕ್ಕೆ ಮೀಥೈಲ್ ಯುಜಿನಾಲ್ (ಗಂಡು ನೊಣವನ್ನು ಸೆಳೆಯುವ ವಾಸನೆಯ ವಸ್ತು) ಇಟ್ಟ ಬಲೆ ನೇತುಹಾಕಿ. ಅದರಲ್ಲಿ ಕೀಟನಾಶಕ ಇದ್ದರೂ ಹಣ್ಣಿಗೆ ತಾಗುವುದಿಲ್ಲ. "ಜೈವಿಕ" ಅಂತ ಬರೆದ ಗೊತ್ತುಗುರಿ ಇಲ್ಲದ ಬಾಟಲಿಗಳ ಬಗ್ಗೆ ಎಚ್ಚರ, ಕೆಲವದರಲ್ಲಿ ರಾಸಾಯನಿಕ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದ್ದುಂಟು.

ಬೆಳ್ತಂಗಡಿಯವರು ಅನಾನಸಿಗೆ ಎಥ್ರೆಲ್ ಹಾಕಬಹುದಾ ಅಂತ ಕೇಳಿದ್ದಾರೆ. ಹೂ ಬರಿಸಲು ಗಿಡದ ಸುಳಿಗೆ ಹೊಯ್ಯುವುದು ಕೊಯ್ಲಿಗೆ ನಾಲ್ಕೈದು ತಿಂಗಳು ಮೊದಲು, ಅದು ಅಷ್ಟು ಉಳಿಯುವುದಿಲ್ಲ. ಬಣ್ಣ ಬರಲಿ ಅಂತ ಕೊಯ್ಲಿಗೆ ನಾಲ್ಕು ದಿನ ಇರುವಾಗ ಹಣ್ಣಿಗೇ ಹೊಡೆಯುತ್ತಾರಲ್ಲ, ಅದನ್ನು ಬಿಡಿ.

ಲ್ಯಾಬ್ ಪರೀಕ್ಷೆ ದುಬಾರಿ, ಒಬ್ಬರಿಗೆ ಹೊರೆ. ಆದರೆ ಒಂದೇ ಮದ್ದು ಒಂದೇ ಹೊತ್ತಿಗೆ ಬಿಟ್ಟ ನಾಲ್ಕು ಮನೆಯವರು ಸೇರಿ ಒಂದು ಮಾದರಿ ಕಳಿಸಬಹುದು. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆಗಿರಬೇಕು. ಹಣ್ಣನ್ನು ಒಂದೇ ಮರದಿಂದ ಆರಿಸಬೇಡಿ, ತೋಟದ ಎಲ್ಲ ಮೂಲೆಯಿಂದ ತೆಗೆಯಿರಿ. ಯಾವ ತಾರೀಕು, ಯಾವ ಮದ್ದು, ಲೀಟರಿಗೆ ಎಷ್ಟು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಡಬ್ಬಿಯ ಲೇಬಲ್ಲಿನಲ್ಲಿ ಯಾವ ಬೆಳೆಗೆ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಇರುತ್ತದೆ. ಅಲ್ಲಿ ನಿಮ್ಮ ಬೆಳೆಯ ಹೆಸರೇ ಇಲ್ಲ ಅಂದರೆ ಅಂಗಡಿಯವರು ಎಷ್ಟು ಹೇಳಿದರೂ ತರಬೇಡಿ.

"ಅಲ್ಲಿ ಬೇಡ ಅಂದರೆ ಇಲ್ಲೇ ಮಾರಿದರಾಯಿತು" ಅಂತ ಕೊನೆಗೆ ಒಬ್ಬರು ಬರೆದದ್ದು ಓದಿ ನನಗೆ ನಿಜಕ್ಕೂ ಬೇಸರ ಆಯಿತು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ನೋವನ್ನು ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಯ ಮನೆಗಳು ಇನ್ನೂ ಅನುಭವಿಸುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು, ಆದರೆ ಆ ಮಕ್ಕಳಿಗೆ ಅದು ತಡವಾಗಿತ್ತು. ಅಲ್ಲಿನವರಿಗೆ ಆಗದ ಹಣ್ಣು ಇಲ್ಲಿನ ಮಕ್ಕಳಿಗೂ ಆಗದು. ನಮ್ಮ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಕೂಡ ಮಿತಿ ಹಾಕಿದೆ, ಇಲ್ಲಿನ ಸಂತೆಗೂ ಅದು ಅನ್ವಯಿಸುತ್ತದೆ.

ಅಕ್ಕ, ನೀವು ಈಗ ಮಾಡಬೇಕಾದ್ದು ಒಂದೇ. ದುಬೈಯಿಂದ ಬಂದ ಪರೀಕ್ಷಾ ವರದಿಯ ಪ್ರತಿಯನ್ನು ಏಜೆಂಟರಿಂದ ಕೇಳಿ ತಗೊಳ್ಳಿ, ಬಾಯಿಮಾತಿಗೆ ಒಪ್ಪಬೇಡಿ. ಅದರಲ್ಲಿ ಯಾವ ರಾಸಾಯನಿಕ, ಕಿಲೋಗೆ ಎಷ್ಟು ಅಂತ ಹೆಸರು ಹಿಡಿದು ಇರುತ್ತದೆ. ಅದು ನೀವು ಬಳಸಿಯೇ ಇಲ್ಲದ ಮದ್ದಾದರೆ, ಒಂದೋ ಪಕ್ಕದ ತೋಟದಿಂದ ಹಾರಿ ಬಂದಿದೆ, ಇಲ್ಲ ಬೇರೆಯವರ ಹಣ್ಣನ್ನು ನಿಮ್ಮ ಪೆಟ್ಟಿಗೆಗೆ ಸೇರಿಸಿದ್ದಾರೆ. ವರದಿ ಸಿಕ್ಕಿದ ಮೇಲೆ ಕೊನೆಯ ಎರಡು ತಿಂಗಳಲ್ಲಿ ಏನೇನು ಬಿಟ್ಟಿರಿ ಅಂತ ಜೊತೆಗೆ ಇಲ್ಲೇ ಹಾಕಿ, ಎರಡನ್ನೂ ಇಟ್ಟುಕೊಂಡು ನೋಡುವ.